ಒಳಗೇ ಸಿಕ್ಕಿಬಿದ್ದ ದವಡೆ ಹಲ್ಲು ಎಬ್ಬಿಸಿದ್ದು: ನನ್ನ ಅನುಭವ

ಹದಿಮೂರು ದಾಟಿದರೂ ಕೆಳಗಿನ ಎರಡನೇ ದವಡೆ ಹಲ್ಲು ಕಾಣದಿದ್ದರೆ ನಾನು ಸುಮ್ನೆ ಬಿಡುವುದಿಲ್ಲ, ಎರಡೂ ದವಡೆಯ ಎಲ್ಲ ಹಲ್ಲುಗಳನ್ನು ಒಟ್ಟಿಗೆ ತೋರಿಸುವ ಒಪಿಜಿ ಎಕ್ಸ್‌ರೇ ತೆಗೆಸುತ್ತೇನೆ. ಆ ಹಲ್ಲು ಸಾಮಾನ್ಯವಾಗಿ 11ರಿಂದ 13 ವರ್ಷದೊಳಗೆ ಹುಟ್ಟಿಬಿಡುತ್ತದೆ. ಜೇವರ್ಗಿ ಕಡೆಯಿಂದ ಕಲಬುರಗಿಯ ನಮ್ಮ ಕ್ಲಿನಿಕ್‌ಗೆ ಬಂದ ಹುಡುಗಿಗೆ ಹುಟ್ಟಿರಲಿಲ್ಲ. ಮುಂದಕ್ಕೆ ವಾಲಿ, ಮೊದಲ ದವಡೆ ಹಲ್ಲಿನ ಉಬ್ಬಿನ ಕೆಳಗೆ ಸಿಕ್ಕಿಕೊಂಡಿತ್ತು.

"ಒಳಗಿದ್ದ ಹಲ್ಲು ಯಾರಿಗಿ ಕಾಣ್ತದ್ರಿ? ಕಿತ್ತಿ ಒಗೀರಿ ಡಾಕ್ಟ್ರೇ" ಎಂದರು ಅವರಪ್ಪ. ಬೇಡ ಎಂದೆ. ಕಿತ್ತರೆ ಹಿಂದಿನ ಬುದ್ಧಿ ಹಲ್ಲು ಆ ಜಾಗಕ್ಕೆ ನೆಟ್ಟಗೆ ಬಂದೇ ಬರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಹಾಗೇ ಬಿಟ್ಟರೆ ಸಂದಿಯಲ್ಲಿ ತಿಂದದ್ದೆಲ್ಲ ಕೂತು ಮುಂದಿನ ಒಳ್ಳೆ ಹಲ್ಲೂ ಹುಳುಕಾಗಬಹುದು. ಬೇರು ಪೂರ್ತಿ ಬೆಳೆಯದ ಈ ವಯಸ್ಸೇ ಹಲ್ಲು ಎಬ್ಬಿಸಲು ಒಳ್ಳೆಯದು.

ಸ್ವಲ್ಪ ವಾಲಿದ್ದರೆ ಎರಡು ಹಲ್ಲಿನ ನಡುವೆ ಹಿತ್ತಾಳೆ ತಂತಿ ಬಿಗಿದರೂ ಕೆಲಸ ಆಗುತ್ತದೆ. ಇಲ್ಲಿ ಅದು ಸಾಲುತ್ತಿರಲಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವಸಡು ಬಿಡಿಸಿ, ಕೆನ್ನೆಯ ಕಡೆಗೆ ಹಲ್ಲಿಗೆ ತಂತಿ ತೂರಿಸುವ ಒಂದು ಸಣ್ಣ ಟ್ಯೂಬ್ ಅಂಟಿಸಬೇಕಿತ್ತು. ಕಷ್ಟ ಇರುವುದೇ ಇಲ್ಲಿ. ಒಂದು ಹನಿ ರಕ್ತವೋ ಜೊಲ್ಲೋ ತಾಗಿದರೂ ಅಂಟು ಹಿಡಿಯುವುದಿಲ್ಲ. ನಮ್ಮ ಕಡೆ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಆ ನೀರು ಕುಡಿದು ಬೆಳೆದವರ ಹಲ್ಲಿಗೆ ಅಂಟು ಸುಲಭಕ್ಕೆ ಹಿಡಿಯುವುದಿಲ್ಲ, ಅದಕ್ಕೇ ಅಂಟು ಹಿಡಿಯುವಂತೆ ಹಲ್ಲಿನ ಮೇಲ್ಮೈ ಒರಟು ಮಾಡುವ ಆಸಿಡ್ ಜೆಲ್ ಮಾಮೂಲಿಗಿಂತ ಹೆಚ್ಚು ಹೊತ್ತು ಬಿಡುತ್ತೇನೆ. ಈ ಹುಡುಗಿಗೂ ಹಾಗೇ ಮಾಡಿದೆ. ತೊಳೆದು, ಗಾಳಿ ಊದಿ, ಹಲ್ಲು ಸುಣ್ಣ ಬಳಿದ ಗೋಡೆಯ ಹಾಗೆ ಮಂಕು ಬಿಳಿಯಾಗಿ ಕಂಡ ಮೇಲೇ ಟ್ಯೂಬ್ ಕೂರಿಸಿದೆ.

ಎಬ್ಬಿಸುವ ಕೆಲಸ ಟಿಎಂಎ ಅನ್ನೋ ಟೈಟಾನಿಯಂ ಮಿಶ್ರಲೋಹದ ತಂತಿಯ ಸ್ಪ್ರಿಂಗ್‌ದು. ಒಂದು ತುದಿ ಟ್ಯೂಬ್‌ನೊಳಗೆ, ಇನ್ನೊಂದು ಮುಂದಿನ ಹಲ್ಲುಗಳಿಗೆ ಕಟ್ಟಿದ ದಪ್ಪ ತಂತಿಗೆ ಕೊಕ್ಕೆ. ಬಲ ಮೆತ್ತಗೇ ಇರಬೇಕು. ಈ ಸ್ಪ್ರಿಂಗ್‌ನಲ್ಲಿ ಹಲ್ಲು ಹಿಂದಕ್ಕೆ ಏಳುತ್ತಲೇ ಮೇಲಕ್ಕೂ ಬರುತ್ತದೆ. ಹಾಗಾಗಿ ಬಂದಾಗಲೆಲ್ಲ ಬಣ್ಣದ ಕಾಗದ ಕಚ್ಚಿಸಿ, ಮೇಲಿನ ಹಲ್ಲಿಗೆ ಬಡಿಯುತ್ತಿದೆಯಾ ನೋಡಬೇಕು.

ನಡುವೆ ಒಮ್ಮೆ ಟ್ಯೂಬ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ಬಂದಳು. ಖಡಕ್ ರೊಟ್ಟಿ! ಇಲ್ಲಿ ರೊಟ್ಟಿ ಬಿಡಿ ಅಂದರೆ ಯಾರು ಕೇಳ್ತಾರೆ? ಬೇಳೆ ಪಲ್ಯದಲ್ಲಿ ನೆನೆಸಿ ಕೊಡಿ, ಇಲ್ಲಾ ಬಿಸಿ ಮೆತ್ತನೆ ರೊಟ್ಟಿ ಕೊಡಿ ಎಂದು ಅವರಮ್ಮನಿಗೆ ಹೇಳಿದೆ. ಆಮೇಲೆ ಕೀಳಲಿಲ್ಲ. ತೊಗರಿ ರಾಶಿಯ ಹೊತ್ತಿಗೆ ತಪಾಸಣೆಗೆ ತಪ್ಪಿಸಿಕೊಳ್ಳುವವರೇ ಜಾಸ್ತಿ, ಆದರೆ ಇವರು ಬಿಡದೆ ಬಂದರು.

ಕೆಲವು ತಿಂಗಳಲ್ಲಿ ಹಲ್ಲು ನೆಟ್ಟಗಾಯಿತು. ಈಗ ಗಟ್ಟಿ ತಂತಿಯಲ್ಲಿ ಹಿಡಿದಿಟ್ಟಿದ್ದೇನೆ. ಬುದ್ಧಿ ಹಲ್ಲು ತೆಗೆಯಬೇಕಾ ಬೇಡವಾ ಅನ್ನುವುದನ್ನು ಅದು ಬೆಳೆಯುವ ರೀತಿ ನೋಡಿ ತೀರ್ಮಾನಿಸುತ್ತೇವೆ.