ಸೂಜಿಗಿಂತ ಮೊದಲು ಬೆರಳು

ನನ್ನ ಹತ್ತಿರ ಮಂಡಿ ನೋವು ಅಂತ ಬರುವವರೇ ಜಾಸ್ತಿ. ನಾನು ಓದಿದ್ದು ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗ. ಮೈಮೇಲಿನ ಗೊತ್ತಾದ ಬಿಂದುಗಳಿಗೆ ಸಣ್ಣ ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಆ ಕೋರ್ಸಿನಲ್ಲೇ ಒಂದು ವಿಷಯ. ಪರೀಕ್ಷೆಗೆ ಚಾರ್ಟು ಮುಂದಿಟ್ಟುಕೊಂಡು ಬಿಂದುಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ಕೆಲಸ ಕಲಿತದ್ದು ಮಾತ್ರ ಬೆರಳಿನಿಂದ. ಹೊಸದಾಗಿ ಬರುವ ಹುಡುಗ ಹುಡುಗಿಯರಿಗೂ ನಾನು ಹೇಳುವುದು ಇದನ್ನೇ: ಸೂಜಿ ಆಮೇಲೆ, ಮೊದಲು ಬೆರಳಿಟ್ಟು ಹುಡುಕಿ.

ಬಿಂದು ಹುಡುಕುವ ಅಳತೆಗೆ ಸುನ್ ಅನ್ನುತ್ತಾರೆ. ಆ ಅಳತೆಯೇ ರೋಗಿಯ ಬೆರಳಿನದು, ನಮ್ಮದಲ್ಲ. ಅವರ ಹೆಬ್ಬೆರಳಿನ ಗೆಣ್ಣಿನ ಅಗಲ ಒಂದು ಸುನ್. ನಾಲ್ಕು ಬೆರಳು ಜೋಡಿಸಿದರೆ ಮೂರು ಸುನ್. ಎಸ್‌ಟಿ 36 ಅನ್ನುವ ಬಿಂದು ಬೇಕಾದರೆ ಮಂಡಿ ಚಿಪ್ಪಿನ ಕೆಳಗೆ, ಹೊರಬದಿಯ ಗುಳಿಯಿಂದ ನಾಲ್ಕು ಬೆರಳು ಇಳಿಯಬೇಕು. ಅಲ್ಲಿಂದ ಮೂಳೆಯ ಏಣು ಬಿಟ್ಟು ಒಂದು ಬೆರಳು ಹೊರಗೆ. ಆರಡಿ ಗಂಡಸಿಗೂ ಕುಳ್ಳಗಿನ ಅಜ್ಜಿಗೂ ಲೆಕ್ಕ ಒಂದೇ, ಜಾಗ ಮಾತ್ರ ಬೇರೆ.

ಆದರೆ ಅಳತೆ ನಮ್ಮನ್ನು ಬಾಗಿಲವರೆಗೆ ತಂದು ಬಿಡುತ್ತದೆ, ಅಷ್ಟೇ. ಎಸ್‌ಪಿ 9 ಅನ್ನುವ ಬಿಂದು ನೋಡಿ. ಕಾಲಿನ ಉದ್ದ ಮೂಳೆಯ ಒಳ ಅಂಚಿಗೆ ಬೆರಳಿಟ್ಟು ಪಾದದ ಕಡೆಯಿಂದ ಮೆಲ್ಲಗೆ ಮೇಲಕ್ಕೆ ಜಾರಿಸುತ್ತೇನೆ. ಮಂಡಿಯ ಕೆಳಗೆ ಮೂಳೆ ಬಾಗುವಲ್ಲಿ ಬೆರಳು ತಾನಾಗಿ ನಿಲ್ಲುತ್ತದೆ. ಅಲ್ಲಿ ಹಗುರವಾಗಿ ಒತ್ತಿ, "ಇಲ್ಲೇನಾ ಅಮ್ಮ?" ಅಂತ ಕೇಳುತ್ತೇನೆ. "ಅಯ್ಯೋ, ಅಲ್ಲೇ ಡಾಕ್ಟ್ರೇ, ಅಲ್ಲೇ" ಅನ್ನುತ್ತಾರೆ. ಒಂದು ಕೂದಲಷ್ಟು ಆಚೆ ಒತ್ತಿದರೆ ಏನೂ ಇಲ್ಲ. ಮಂಡಿ ಊದಿಕೊಂಡವರಲ್ಲಿ ಈ ಜಾಗ ಮುಟ್ಟಿದರೆ ಸಾಕು, ಮುಖ ಕಿವುಚುತ್ತಾರೆ.

ಆಮೇಲೆ ಸೂಜಿ. ನಾನು ಬಳಸುವುದು 0.25 ಮಿ.ಮೀ. ದಪ್ಪ, 40 ಮಿ.ಮೀ. ಉದ್ದದ್ದು. ಪ್ರತಿಯೊಂದೂ ಒಂದೇ ಸಲ ಬಳಸಿ ಎಸೆಯುವಂಥದ್ದು. ಸ್ಪಿರಿಟ್ ಹಚ್ಚಿ, ಒಣಗಲು ಬಿಟ್ಟು, ಸೂಜಿಯನ್ನು ಸಣ್ಣ ಕೊಳವೆಯೊಳಗಿಟ್ಟು ಅದರ ತಲೆಗೆ ಒಂದು ತಟ್ಟು. ಚರ್ಮ ದಾಟಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ನಂತರ ಕೊಳವೆ ತೆಗೆದು ನಿಧಾನಕ್ಕೆ ಒಳಗೆ ಬಿಡುತ್ತಾ ಹೋಗುತ್ತೇನೆ. ಒಂದು ಆಳದಲ್ಲಿ ಸೂಜಿಯನ್ನು ಒಳಗಿನಿಂದ ಯಾರೋ ಹಿಡಿದ ಹಾಗಾಗುತ್ತದೆ. ರೋಗಿ ಅದೇ ಹೊತ್ತಿಗೆ "ಭಾರ ಆಯ್ತು", "ಜುಮ್ ಅಂತು" ಅನ್ನುತ್ತಾರೆ. ಚೀನಾದವರು ಇದನ್ನು ದ ಚಿ ಅನ್ನುತ್ತಾರೆ. ಅದು ಬಂದ ಮೇಲೆ ನಾನು ಮುಂದೆ ತಳ್ಳುವುದಿಲ್ಲ. ಇಪ್ಪತ್ತು ನಿಮಿಷ ಸುಮ್ನೆ ಬಿಡುತ್ತೇನೆ.

ಆ ಕೊಳವೆಯ ವಿಧಾನವನ್ನು ರೂಢಿಗೆ ತಂದವರು 17ನೇ ಶತಮಾನದ ಜಪಾನಿನ ಸುಗಿಯಾಮ ವಾಇಚಿ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಕಣ್ಣಿಲ್ಲದವರಿಗೇ ಈ ವಿದ್ಯೆ ಕಲಿಸಲು ಶಾಲೆಯನ್ನೂ ನಡೆಸಿದರು. ಅವರ ನೆನಪಾದಾಗೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಚಾರ್ಟು ಕಾಣದ ಮನುಷ್ಯ ಬರೀ ಮುಟ್ಟಿ ಮುಟ್ಟಿ ಇಡೀ ದೇಶದ ಪದ್ಧತಿಯನ್ನೇ ಬದಲಿಸಿದರು ಅಲ್ವಾ!

ಚಾರ್ಟುಗಳಾದರೂ ಒಂದೇ ಮಾತು ಹೇಳುತ್ತಿದ್ದವೇ? ಚೀನಾ, ಜಪಾನ್, ಕೊರಿಯಾದವರು ವಿಶ್ವ ಆರೋಗ್ಯ ಸಂಸ್ಥೆಯ ಅಡಿಯಲ್ಲಿ ಕೂತು 361 ಬಿಂದುಗಳನ್ನು ಹೋಲಿಸಿ ನೋಡಿದಾಗ 92ರ ವಿಷಯದಲ್ಲಿ ಒಮ್ಮತವಿರಲಿಲ್ಲ. ಅವರ ಪುಸ್ತಕ 2008ರಲ್ಲಿ ಬಂತು. ಆಗಲೂ ಆರು ಬಿಂದುಗಳಿಗೆ ಎರಡೆರಡು ಜಾಗ ಉಳಿದವು.

ಇನ್ನೊಂದನ್ನು ಮುಚ್ಚಿಡಬಾರದು. 2007ರಲ್ಲಿ ಜರ್ಮನಿಯ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಬಹುಕಾಲದ ಬೆನ್ನು ನೋವಿನ 1,162 ಜನ ಅದರಲ್ಲಿದ್ದರು. ಆರು ತಿಂಗಳ ನಂತರ ನೋಡಿದರೆ, ಬಿಂದುಗಳಿಗೆ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ಗುಣ ಕಂಡಿತ್ತು. ಬಿಂದುವಲ್ಲದ ಕಡೆ, ಆಳಕ್ಕೆ ಹೋಗದಂತೆ ಬರೀ ಮೇಲ್ಮೇಲೆ ಚುಚ್ಚಿಸಿಕೊಂಡವರಲ್ಲೂ 44. ಮಾತ್ರೆ, ವ್ಯಾಯಾಮದ ಮಾಮೂಲಿ ಚಿಕಿತ್ಸೆಯಲ್ಲಿ 27. ಹಾಗಾದರೆ ಇಷ್ಟು ಹುಡುಕುವುದು ಯಾಕೆ ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಬಿಂದುವಿನಲ್ಲಿ ಪವಾಡ ಇದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸವೆದ ಮಂಡಿ ಹೊಸದಾಗುತ್ತದೆ ಅಂತಲೂ ಹೇಳುವುದಿಲ್ಲ. ನೋವು ಇಳಿಯಬಹುದು, ಮೆಟ್ಟಿಲು ಹತ್ತುವುದು ಸ್ವಲ್ಪ ಸಲೀಸಾಗಬಹುದು ಅಂತ ಹೇಳುತ್ತೇನೆ.

ಆದರೆ ಬೆರಳಿಗೆ ಬಿಂದುವೊಂದೇ ಸಿಗುವುದಿಲ್ಲ. ಬಿಸಿ ಗೊತ್ತಾಗುತ್ತದೆ, ಊತ ಗೊತ್ತಾಗುತ್ತದೆ, ರಕ್ತನಾಳದ ಮಿಡಿತ ಗೊತ್ತಾಗುತ್ತದೆ. ಮಂಡಿ ಕೆಂಪಾಗಿ ಕಾದಿದ್ದು ಜ್ವರವೂ ಇದ್ದರೆ ಅವತ್ತು ಸೂಜಿ ಇಲ್ಲ, ನೇರ ಆಸ್ಪತ್ರೆ. ಒಂದೇ ಕಾಲಿನ ಮೀನಖಂಡ ಊದಿ ಬಿಗಿಯಾಗಿದ್ದರೂ ಹಾಗೆಯೇ. ಹೆಗಲಿನ ಜಿಬಿ 21ರ ಕೆಳಗೆ ಶ್ವಾಸಕೋಶದ ತುದಿ ಇದೆ. ತೆಳ್ಳಗಿನವರಲ್ಲಿ ಎಷ್ಟು ಹತ್ತಿರ ಅಂತ ಮುಟ್ಟಿದರೇ ತಿಳಿಯುತ್ತದೆ. ಅಲ್ಲಿ ನಾನು ಮಾಂಸವನ್ನು ಚಿವುಟಿ ಮೇಲೆತ್ತಿ ಹಿಡಿದು, ಸ್ವಲ್ಪವೇ ಚುಚ್ಚುತ್ತೇನೆ. ಬಸುರಿಯರಿಗೆ ಎಲ್‌ಐ 4, ಎಸ್‌ಪಿ 6 ಮುಟ್ಟುವುದೇ ಇಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತೀರಾ ಅಂತ ಎಲ್ಲರನ್ನೂ ಕೇಳುತ್ತೇನೆ. ನಾಲ್ಕೈದು ಸಲ ಬಂದರೂ ನೋವು ಕದಲದಿದ್ದರೆ ಮೂಳೆ ಡಾಕ್ಟರ ಹತ್ತಿರ ಕಳಿಸುತ್ತೇನೆ. ನಾನು ಮುಟ್ಟಿ ಕಂಡದ್ದನ್ನೆಲ್ಲ ಚೀಟಿಯಲ್ಲಿ ಬರೆದೇ ಕೊಡುತ್ತೇನೆ.