ಈಜುಕೊಳದ ನೀರು ಸೋರುತ್ತಿದೆಯೇ, ಆವಿಯಾಗುತ್ತಿದೆಯೇ? ಒಂದು ಬಕೆಟ್ ಸಾಕು
ಹಿತ್ತಲಿನ ಈಜುಕೊಳದ ನೀರು ದಿನೇ ದಿನೇ ಇಳಿಯುತ್ತಿದ್ದರೆ, ಮತ್ತೆ ತುಂಬಿಸುವ ಮೊದಲು ಒಂದು ಬಕೆಟ್ಟಿಗೆ ಕೊಳದ ನೀರನ್ನೇ ಹಾಕಿ, ಅಲುಗಾಡದಂತೆ ತಳದಲ್ಲಿ ಒಂದು ಕಲ್ಲನ್ನಿಟ್ಟು, ಒಳಗಿನ ನೀರು ಮತ್ತು ಹೊರಗಿನ ನೀರು ಒಂದೇ ಮಟ್ಟದಲ್ಲಿರುವಂತೆ ಅದನ್ನು ಕೊಳದ ಮೆಟ್ಟಿಲ ಮೇಲೆ ಇರಿಸಿ. ಬಕೆಟ್ಟಿನ ಒಳಮೈಯಲ್ಲೂ ಹೊರಮೈಯಲ್ಲೂ ನೀರಿನ ಮಟ್ಟಕ್ಕೆ ಗುರುತು ಹಾಕಿ 24 ಗಂಟೆ ಬಿಡಿ. ಬಿಸಿಲು, ಗಾಳಿ ಎರಡಕ್ಕೂ ಒಂದೇ ಆಗಿರುವುದರಿಂದ ಆವಿಯಾಗಿ ಹೋಗುವ ನೀರೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇಳಿಯುತ್ತದೆ. ಕೊಳದ ನೀರು ಬಕೆಟ್ಟಿನ ನೀರಿಗಿಂತ ಸ್ಪಷ್ಟವಾಗಿ ಹೆಚ್ಚು ಇಳಿದಿದ್ದರೆ ಎಲ್ಲೋ ಸೋರಿಕೆಯಿದೆ ಎಂದೇ ತಿಳಿಯಬೇಕು. 8 ಮೀಟರ್ ಉದ್ದ, 4 ಮೀಟರ್ ಅಗಲದ ಕೊಳದಲ್ಲಿ ಒಂದೇ ಒಂದು ಸೆಂಟಿಮೀಟರ್ ಇಳಿದರೂ 320 ಲೀಟರ್ ಹೋದಂತೆ, ಅಂದರೆ 20 ಲೀಟರಿನ 16 ಕ್ಯಾನ್‌ಗಳಷ್ಟು. ಟ್ಯಾಂಕರ್ ನೀರನ್ನು ನಂಬಿಕೊಂಡ ಬಡಾವಣೆಗಳಲ್ಲಿ ಇದನ್ನು ಕಡೆಗಣಿಸುವುದು ನನಗೆ ಸರಿಯೆನಿಸುವುದಿಲ್ಲ. ಪರೀಕ್ಷೆಯನ್ನು ಒಮ್ಮೆ ಪಂಪ್ ನಿಲ್ಲಿಸಿ, ಇನ್ನೊಮ್ಮೆ ಎಂದಿನಂತೆ ಓಡಿಸಿ ಮಾಡುವುದು ಒಳ್ಳೆಯದು, ಏಕೆಂದರೆ ಪಂಪ್ ಓಡುವಾಗ ಮಾತ್ರ ಹೆಚ್ಚು ಇಳಿದರೆ ನೀರು ಮರಳಿಸುವ ಪೈಪುಗಳ ಮೇಲೆ ಮೊದಲ ಅನುಮಾನ ಪಡಬಹುದು. ಮಳೆ ಬಂದ ದಿನ, ಯಾರಾದರೂ ಈಜಿದ ದಿನ ಅಥವಾ ತಾನಾಗಿಯೇ ನೀರು ತುಂಬುವ ವಾಲ್ವ್ ತೆರೆದಿದ್ದಾಗ ಈ ಲೆಕ್ಕ ಕೈಕೊಡುತ್ತದೆ. ತೀರಾ ಸಣ್ಣ ಸೋರಿಕೆ ಒಂದೇ ದಿನದಲ್ಲಿ ಕಾಣದಿರಬಹುದಾದ್ದರಿಂದ ಎರಡು ಮೂರು ದಿನ ಬಿಟ್ಟು ನೋಡಿ. ಎರಡೂ ಮಟ್ಟಗಳು ಸಮನಾಗಿ ಇಳಿದಿದ್ದರೆ ನೀರು ಹೋಗುತ್ತಿರುವುದು ಬಿಸಿಲು ಗಾಳಿಗೆ. ಅದಕ್ಕೆ ಕೊಳವನ್ನು ಬಳಸದಿರುವಾಗ ಅಂಚಿನಿಂದ ಅಂಚಿಗೆ ಹೊದಿಕೆ ಹಾಸುವುದೇ ಮದ್ದು.