ಒಂದೇ ಮಾತ್ರೆಗೆ 6 ವಾರ ಕೊಟ್ಟು ನೋಡಿದೆ

ತಮ್ಮನಿಗೆ ಸ್ಕಿಜೋಫ್ರೀನಿಯಾ ಅಂತ ಗೊತ್ತಾದ ಮೊದಲ ಎರಡು ತಿಂಗಳಲ್ಲಿ ನಾವು ಮೂವರು ಡಾಕ್ಟರರ ಹತ್ತಿರ ಹೋದೆವು, 4 ಮಾತ್ರೆ ಬದಲಿಸಿದೆವು. ಯಾವುದನ್ನೂ 12 ದಿನಕ್ಕಿಂತ ಜಾಸ್ತಿ ಕೊಡಲಿಲ್ಲ. ಪ್ರತಿ ಸಲ ಹೊಸ ಫೀಸು, ಮತ್ತೆ ರಕ್ತ ಪರೀಕ್ಷೆ, ಅರ್ಧಕ್ಕೇ ಬಿಟ್ಟ ಮಾತ್ರೆಗಳು. ನನ್ನ ಎರಡು ತಿಂಗಳ ಸಂಬಳ ಹೀಗೇ ಕರಗಿತು, ಮೇಲೆ ಸಾಲ ಬೇರೆ.

ನಾಲ್ಕನೆಯ ಡಾಕ್ಟರ ಮುಂದೆ ಕೂತು, "ನಾಲ್ಕೂ ಫೇಲಾಗಿವೆ, ಕ್ಲೋಜಪಿನ್ ಕೊಡಿ" ಅಂತ ನಾನೇ ಕೇಳಿದೆ. ಬೇರೆ ಮಾತ್ರೆಗಳು ಕೆಲಸ ಮಾಡದಿದ್ದಾಗ ಕೊಡುವ ಮಾತ್ರೆ ಅದು. "ಒಂದೂ ಫೇಲಾಗಿಲ್ಲಮ್ಮ, ಒಂದಕ್ಕೂ ನೀವು ಸಮಯ ಕೊಟ್ಟಿಲ್ಲ" ಅಂದರು. ಆ ಮಾತು ಚುಚ್ಚಿತು, ಆದರೆ ನಿಜ. ರಿಸ್ಪೆರಿಡೋನ್ ಬರೆದರು. ಸರಿಯಾದ ಡೋಸಿಗೆ ಬಂದ ಮೇಲೆ 4ರಿಂದ 6 ವಾರ ನೋಡೋಣ, 2 ವಾರಕ್ಕೆ ಚೂರೂ ಬದಲಾವಣೆ ಕಾಣದಿದ್ದರೆ ಮೊದಲೇ ಬನ್ನಿ ಅಂದರು.

ನಾನು ನೋಟ್‌ಬುಕ್ಕಿನಲ್ಲಿ 4 ಕಾಲಂ ಎಳೆದೆ: ನಿದ್ದೆ, ಚಡಪಡಿಕೆ, ಅವನೊಬ್ಬನಿಗೇ ಕೇಳಿಸುವ ದನಿಗಳು, ಸಂಶಯ. ದನಿಗೆ ಹತ್ತಕ್ಕೆ ಎಷ್ಟು ಅಂತ ಅವನೇ ಅಂಕ ಹೇಳಬೇಕು. ಮಾತ್ರೆಗೆ ಅವನನ್ನು ಒಪ್ಪಿಸಿದ್ದು ಹೇಗೆ ಅಂತ ಬರೆಯುವುದಿಲ್ಲ, ಅದು ನಮ್ಮಿಬ್ಬರ ನಡುವೆ ಇರಲಿ. ಕದ್ದು ಬೆರೆಸಿ ಕೊಟ್ಟದ್ದಂತೂ ಅಲ್ಲ.

ಒಂದು ವಾರಕ್ಕೆ ನಿದ್ದೆ 3 ಗಂಟೆಯಿಂದ 7ಕ್ಕೆ ಬಂತು. ದನಿ ಮಾತ್ರ 9ರಲ್ಲೇ. "ಇದು ಬರೀ ನಿದ್ದೆ ಮಾತ್ರೆ, ನಿಲ್ಲಿಸಿಬಿಡು" ಅಂತ ಚಿಕ್ಕಪ್ಪ ಹಟ ಹಿಡಿದರು. ನಾನೂ ಬಿಡಲಿಲ್ಲ. ಸುಮಾರು 15ನೇ ದಿನ ದನಿ 8, ಆಮೇಲೆ 7.

ಮೂರನೇ ವಾರ ನನಗೆ ದಿಕ್ಕೇ ತೋಚದಂತಾಯಿತು. ಅವನು ಕೂರಲಾರ, ನಿಲ್ಲಲಾರ, ರಾತ್ರಿಯಿಡೀ ನಡುಮನೆಯಲ್ಲಿ ಶತಪಥ. ಕಾಯಿಲೆ ಕೆರಳಿತು ಅಂತ ಎಲ್ಲರೂ ಅಂದರು. ಆದರೆ ನೋಟ್‌ಬುಕ್ಕಿನಲ್ಲಿ ಚಡಪಡಿಕೆ ಏರುತ್ತಿದ್ದರೂ ದನಿ ಇಳಿಯುತ್ತಿತ್ತು. ಕಾಯಿಲೆಯೇ ಆಗಿದ್ದರೆ ಎರಡೂ ಏರಬೇಕು, ಅಲ್ವಾ? ಅದನ್ನೇ ಡಾಕ್ಟರಿಗೆ ತೋರಿಸಿದೆ. ಇದು ಅಕಥೀಸಿಯಾ, ಮಾತ್ರೆಯ ಅಡ್ಡ ಪರಿಣಾಮ ಅಂದರು. ಡೋಸು ಸ್ವಲ್ಪ ಇಳಿಸಿ, ಆ ಚಡಪಡಿಕೆಗೆ ಪ್ರೊಪ್ರನೊಲಾಲ್ ಅನ್ನೋ ಮಾತ್ರೆ ಸೇರಿಸಿದರು. ನಾಲ್ಕೈದು ದಿನದಲ್ಲಿ ತಣ್ಣಗಾದ. ಆ ಪುಟ ಇಲ್ಲದಿದ್ದರೆ ಐದನೇ ಮಾತ್ರೆಯನ್ನೂ ಬಿಸಾಡಿರುತ್ತಿದ್ದೆವು. ಇದನ್ನು ಹಿಡಿದದ್ದು ನಾನು ಅಂತ ಇವತ್ತಿಗೂ ಹೆಮ್ಮೆ ಇದೆ.

ಸುಮ್ನೆ ಕುತೂಹಲಕ್ಕೆ ಸಿಗರೇಟನ್ನೂ ಎಣಿಸುತ್ತಿದ್ದೆ, ದಿನಕ್ಕೆ ಇಪ್ಪತ್ತರ ಹತ್ತಿರ. ಅದನ್ನು ಕೇಳಿದಾಗಲೇ ಡಾಕ್ಟರು ಹೇಳಿದ್ದು: ಸಿಗರೇಟಿನ ಹೊಗೆಯಿಂದ ಒಲಾಂಜಪಿನ್, ಕ್ಲೋಜಪಿನ್ ರಕ್ತದಲ್ಲಿ ಕಡಿಮೆಯಾಗುತ್ತವೆ, ಥಟ್ಟನೆ ಸೇದುವುದು ಬಿಟ್ಟರೆ ಜಾಸ್ತಿಯಾಗುತ್ತವೆ. ನಮ್ಮ ಎರಡನೇ ಮಾತ್ರೆ ಒಲಾಂಜಪಿನ್ನೇ. ಇವನು ಸೇದುತ್ತಾನೆ ಅಂತ ಆಗ ಯಾರೂ ಬಾಯಿ ಬಿಟ್ಟಿರಲಿಲ್ಲ.

ಟಿವಿಯವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಅಂತ ಅವನು ಅದಕ್ಕೆ ಟವೆಲ್ ಹೊದಿಸಿಟ್ಟಿದ್ದ. ಐದನೇ ವಾರದ ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಟವೆಲ್ ನಾಲ್ಕು ಮಡಿಕೆಯಾಗಿ ಕುರ್ಚಿಯ ಮೇಲಿತ್ತು. ನಾನು ಏನೂ ಕೇಳಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆ.

ಈಗ 14 ತಿಂಗಳಾಗಿದೆ. ದನಿ 2ರಲ್ಲಿದೆ, ಪೂರ್ತಿ ಹೋಗಿಲ್ಲ. ಎರಡು ತಿಂಗಳಿಗೊಂದು ಭೇಟಿ, ಒಂದೇ ಮಾತ್ರೆ, ಸಾಲವೂ ತೀರಿತು. ನೋಟ್‌ಬುಕ್ಕನ್ನು ಈಗ ಅವನೇ ಬರೆಯುತ್ತಾನೆ. ಚಡಪಡಿಕೆ ಅನ್ನೋದನ್ನು ಹೊಡೆದುಹಾಕಿ ತೂಕ ಅಂತ ಬರೆದಿದ್ದಾನೆ. 4 ಕೆಜಿ ಏರಿದೆ, ಮುಂದಿನ ಸಲ ಡಾಕ್ಟರನ್ನು ಕೇಳಬೇಕು ಅಕ್ಕಾ ಅಂದ.